ಊರಿಲ್ಲದ ವಿಳಾಸ: ಯುದ್ಧಕಾಲದ ನಾವಿಕರ ಕಾಗದಗಳು

ಚಾಮರಾಜನಗರವೂ ಗುಂಡ್ಲುಪೇಟೆಯೂ ಸಮುದ್ರವನ್ನು ಕಾಣದ ಊರುಗಳು. ಒಂದರ ಮೂಡಣಕ್ಕೆ ಬಿಳಿಗಿರಿರಂಗನ ಬೆಟ್ಟಗಳ ಸಾಲು. ಇನ್ನೊಂದರ ತೆಂಕಣಕ್ಕೆ ಬಂಡೀಪುರದ ಕಾಡು, ಅದರ ಆಚೆಗೆ ನೀಲಗಿರಿ. ಗುಂಡ್ಲುಪೇಟೆಯಿಂದ ಕಡಲನ್ನು ನೋಡಬೇಕೆಂದರೆ ವೈನಾಡನ್ನು ದಾಟಿ, ಘಟ್ಟವನ್ನು ಇಳಿದು, ಕೋಳಿಕ್ಕೋಡಿನವರೆಗೆ ಹೋಗಬೇಕು. ಆದರೆ ಯುದ್ಧನೌಕೆಯಲ್ಲಿ ಕೆಲಸ ಮಾಡುವವರೆಲ್ಲರೂ ಕಡಲತೀರದವರೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಎಂಜಿನು, ವಿದ್ಯುತ್ತು, ರೇಡಿಯೋ, ಅಡಿಗೆ, ಶುಶ್ರೂಷೆ ಮೊದಲಾದ ಹಲವು ಕಸಬುಗಳು ಹಡಗಿನಲ್ಲಿ ಇರುವುದರಿಂದ ಒಳನಾಡಿನ ತರುಣರೂ ನೌಕಾಪಡೆಯನ್ನು ಸೇರುತ್ತಾರೆ. ಅಂಥ ಒಂದು ಮನೆಯಲ್ಲಿ ಯುದ್ಧ ಮೊದಲಾದ ದಿನ ಏಳುವ ಪ್ರಶ್ನೆ ಬಹಳ ಸರಳವಾದುದು: ಹುಡುಗನಿಗೆ ಕಾಗದ ಬರೆಯಬೇಕು, ಯಾವ ಊರಿಗೆ ಬರೆಯುವುದು?

ಪ್ರಶ್ನೆ ಸರಳ, ಉತ್ತರ ಸರಳವಲ್ಲ. ಹಡಗು ಒಂದು ಕಡೆ ನಿಲ್ಲುವುದಿಲ್ಲ. ನಿಂತರೂ ಎಲ್ಲಿ ನಿಂತಿದೆ ಎಂಬುದನ್ನು ಹೇಳುವಂತಿಲ್ಲ. ಏಕೆಂದರೆ ತಾಯಿಗೆ ತಿಳಿಯುವ ಸ್ಥಳ ಶತ್ರುವಿಗೂ ತಿಳಿಯಬಹುದು. ಹೀಗಾಗಿ ನೌಕಾಪಡೆಯ ಅಂಚೆ ಒಂದು ವಿಚಿತ್ರವಾದ ಹೊಣೆಯನ್ನು ಹೊತ್ತಿದೆ. ಕಾಗದವು ವ್ಯಕ್ತಿಯನ್ನು ಮುಟ್ಟಬೇಕು. ಆದರೆ ಅವನಿರುವ ಸ್ಥಳವನ್ನು ಬಯಲು ಮಾಡಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸಲು ನಡೆದ ಏರ್ಪಾಡುಗಳನ್ನೂ ಅವುಗಳ ಹಿಂದಿರುವ ವಿಜ್ಞಾನವನ್ನೂ ಇಲ್ಲಿ ಪರಿಶೀಲಿಸೋಣ.

ವ್ಯಕ್ತಿ ಉಂಟು, ಊರು ಇಲ್ಲ

1971ರ ಡಿಸೆಂಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆಗ ಚಾಮರಾಜನಗರ, ಗುಂಡ್ಲುಪೇಟೆಗಳೆರಡೂ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಆ ಯುದ್ಧದಲ್ಲಿ ನಮ್ಮ ಪಶ್ಚಿಮ ನೌಕಾಬಳಗದ ಧ್ವಜನೌಕೆಯಾಗಿದ್ದುದು ಐ.ಎನ್.ಎಸ್. ಮೈಸೂರು. ಬ್ರಿಟನ್ನಿನಿಂದ ಕೊಂಡು ತಂದು 1957ರಲ್ಲಿ ಸೇವೆಗೆ ಸೇರಿಸಿಕೊಂಡ ಈ ಹಡಗಿಗೆ ನಮ್ಮ ನಾಡಿನ ಹೆಸರನ್ನೇ ಇಡಲಾಗಿತ್ತು. ಗುಂಡ್ಲುಪೇಟೆಯ ಒಂದು ಮನೆಯ ಮಗನು ಈ ಹಡಗಿನಲ್ಲಿ ಇದ್ದನೆಂದು ಭಾವಿಸಿ ಅವನಿಗೆ ಬರೆದ ಕಾಗದವನ್ನು ಹಿಂಬಾಲಿಸೋಣ.

ಮೇಲ್ವಿಳಾಸದಲ್ಲಿ ಇರಬೇಕಾದುದು ನಾವಿಕನ ಹೆಸರು, ಅವನ ಪದವಿ ಮತ್ತು ಸಂಖ್ಯೆ, ಹಡಗಿನ ಹೆಸರು, ಕೊನೆಗೆ ಮುಂಬಯಿಯ ಫ್ಲೀಟ್ ಮೈಲ್ ಆಫೀಸು, ಎಂದರೆ ನೌಕಾಬಳಗದ ಅಂಚೆ ಕಚೇರಿ. ಹಡಗು ಮುಂಬಯಿಯಲ್ಲಿ ಇದೆಯೆಂದು ಇದರ ಅರ್ಥವಲ್ಲ. ಆ ಕಚೇರಿ ಒಂದು ಕೀಲಿಯಿದ್ದಂತೆ. ಗುಂಡ್ಲುಪೇಟೆಗೆ ರೈಲು ಇಲ್ಲವಾದುದರಿಂದ ಕಾಗದ ಮೋಟಾರು ಬಸ್ಸಿನಲ್ಲಿ ನಂಜನಗೂಡಿನ ದಾರಿ ಹಿಡಿಯಬೇಕು. ಚಾಮರಾಜನಗರಕ್ಕಾದರೋ 1926ರಲ್ಲಿಯೇ ರೈಲು ಬಂದಿತ್ತು. ಯಾವ ದಾರಿಯಿಂದ ಹೋದರೂ ಮುಂಬಯಿಯವರೆಗೆ ಅದು ಸಾಮಾನ್ಯ ಟಪಾಲಿನಂತೆಯೇ ಸಾಗುತ್ತದೆ. ಅಲ್ಲಿಂದ ಮುಂದೆ ಊರಿನ ಲೆಕ್ಕ ಮುಗಿದು ಹಡಗಿನ ಲೆಕ್ಕ ಮೊದಲಾಗುತ್ತದೆ. ಒಂದೊಂದು ಹಡಗಿಗೆ ಒಂದೊಂದು ಚೀಲವೆಂದು ಕಾಗದಗಳನ್ನು ವಿಂಗಡಿಸುತ್ತಾರೆ. ಯಾವ ಚೀಲವನ್ನು ಯಾವ ಬಂದರಿಗೆ ಕಳುಹಿಸಬೇಕೆಂಬುದು ಗುಟ್ಟು. ಅದು ನೌಕಾಪಡೆಯವರಿಗೆ ಮಾತ್ರ ಗೊತ್ತು.

ಎರಡು ಮಹಾಯುದ್ಧಗಳಲ್ಲಿಯೂ ಬ್ರಿಟನ್ನಿನ ನೌಕಾಪಡೆ ಇದೇ ತತ್ತ್ವವನ್ನು ಅನುಸರಿಸಿತ್ತು. ಹಡಗಿನ ಹೆಸರು ಬರೆದು ಲಂಡನ್ನಿನ ದೊಡ್ಡ ಅಂಚೆ ಕಚೇರಿಯ ಮೂಲಕವೆಂದು ಸೂಚಿಸಿದರೆ ಸಾಕಾಗಿತ್ತು. ಇದರಲ್ಲಿರುವ ಜಾಣತನವನ್ನು ವಾಚಕರು ಗಮನಿಸಬೇಕು. ಸಾಮಾನ್ಯ ವಿಳಾಸವು ಎರಡು ಮಾತುಗಳನ್ನು ಹೇಳುತ್ತದೆ: ಯಾರಿಗೆ, ಎಲ್ಲಿಗೆ. ನೌಕಾಪಡೆಯ ವಿಳಾಸವು ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ನಂಬಿಕೆಯ ಒಂದು ಕಚೇರಿಗೆ ಒಪ್ಪಿಸುತ್ತದೆ. ಹಡಗು ಹತ್ತು ಸಲ ಸ್ಥಳ ಬದಲಾಯಿಸಿದರೂ ಮನೆಯವರು ಬರೆಯುವ ವಿಳಾಸ ಬದಲಾಗುವುದಿಲ್ಲ. ಇಂದು ನಮ್ಮ ಕೈಯಲ್ಲಿರುವ ಮೊಬೈಲ್ ದೂರವಾಣಿಯ ಸಂಖ್ಯೆಯೂ ಹಾಗೆಯೇ. ನಾವು ಯಾವ ಊರಿನಲ್ಲಿದ್ದರೂ ಸಂಖ್ಯೆ ಒಂದೇ. ನಾವಿರುವ ಸ್ಥಳವನ್ನು ಹುಡುಕುವ ಕೆಲಸ ಜಾಲದ್ದು.

ಅಂಚೆಯ ಎರಡು ಕಣ್ಣುಗಳು

ಕಾಗದವನ್ನು ಸಾಗಿಸುವ ಕೈಯೇ ಅದನ್ನು ಓದುವ ಕಣ್ಣೂ ಆಗಬಹುದು. ಇದು ಪರದೇಶದಿಂದ ಬಂದ ಹೊಸ ವಿಚಾರವಲ್ಲ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನ ಅಂಚೆಯನ್ನು ವ್ಯವಸ್ಥಿತವಾಗಿ ಏರ್ಪಡಿಸಿದವರು ಚಿಕ್ಕದೇವರಾಜ ಒಡೆಯರು. ಪಟ್ಟಕ್ಕೆ ಬರುವುದಕ್ಕೆ ಮುಂಚೆ ಅವರು ಗುಂಡ್ಲುಪೇಟೆಗೆ ಸಮೀಪದ ಹಂಗಳದಲ್ಲಿ ಇದ್ದವರು. ಅವರ ಅಂಚೆಯವರು ಕಾಗದಗಳನ್ನು ಸಾಗಿಸುವುದರ ಜೊತೆಗೆ ನಾಡಿನ ಆಗುಹೋಗುಗಳನ್ನೂ ಅರಮನೆಗೆ ತಿಳಿಸುತ್ತಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ. ಈ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು.

ಯುದ್ಧಕಾಲದ ಸೆನ್ಸಾರು ಈ ಎರಡನೆಯ ಕಣ್ಣಿನ ಕೆಲಸ. ಮಹಾಯುದ್ಧಗಳಲ್ಲಿ ನಾವಿಕರು ಬರೆದ ಕಾಗದಗಳನ್ನು ಹಡಗಿನ ಅಧಿಕಾರಿಗಳೇ ಓದಿ, ಕೂಡದ ಮಾತನ್ನು ಅಳಿಸಿ, ಆಮೇಲೆ ಚೀಲಕ್ಕೆ ಹಾಕುತ್ತಿದ್ದರು. ಹಡಗಿರುವ ಬಂದರು, ಹೊರಡುವ ದಿನ, ಜೊತೆಯ ಹಡಗುಗಳ ಹೆಸರು, ಆದ ನಷ್ಟ, ಇವಾವುವನ್ನೂ ಬರೆಯುವಂತಿರಲಿಲ್ಲ. ಇಲ್ಲಿ ವಾಚಕರಿಗೆ ಒಂದು ಸಂದೇಹ ಬರಬಹುದು: ಒಬ್ಬ ಹುಡುಗ ತನ್ನ ತಾಯಿಗೆ ಬರೆದ ಒಂದು ಸಾಲಿನಿಂದ ಹಡಗಿಗೆ ಏನು ಕೇಡು? ಒಂದು ಸಾಲಿನಿಂದ ಬಹುಶಃ ಏನೂ ಇಲ್ಲ. ಆದರೆ ಒಂದು ಕಾಗದದಲ್ಲಿ ಸೆಕೆಯ ಮಾತು, ಇನ್ನೊಂದರಲ್ಲಿ ಕೊಂಡ ಹಣ್ಣಿನ ಹೆಸರು, ಮತ್ತೊಂದರಲ್ಲಿ ರಜೆ ತಪ್ಪಿದ ದಿನ, ಇವನ್ನೆಲ್ಲ ಒಂದೆಡೆ ಕೂಡಿಸಿದವನಿಗೆ ಹಡಗಿನ ದಾರಿ ಗೋಚರವಾಗುತ್ತದೆ. ಚೂರುಗಳು ಬೇರೆಬೇರೆಯಾಗಿದ್ದಾಗ ಅರ್ಥವಿಲ್ಲದಿದ್ದರೂ ಕೂಡಿದಾಗ ಅರ್ಥ ಕೊಡುತ್ತವೆ.

ಹೀಗೆ ಸ್ಥಳ, ಕಾಲ, ಕೆಲಸ ಎಲ್ಲವನ್ನೂ ತೆಗೆದ ಮೇಲೆ ಕಾಗದದಲ್ಲಿ ಉಳಿಯುವುದೇನು? ನಮ್ಮ ಹಿರಿಯರು ಕಾಗದವನ್ನು ‘ಉಭಯ ಕುಶಲೋಪರಿ’ ಎಂದು ಮೊದಲುಮಾಡುತ್ತಿದ್ದರು. ಇಬ್ಬರ ಕ್ಷೇಮವನ್ನೂ ಒಂದೇ ಮಾತಿನಲ್ಲಿ ಮುಗಿಸಿ, ಆಮೇಲೆ ವಿಷಯಕ್ಕೆ ಬರುತ್ತಿದ್ದರು. ಯುದ್ಧಕಾಲದ ನಾವಿಕನಿಗೆ ಆ ಮೊದಲ ಮಾತೇ ವಿಷಯ. ಮನೆಯವರಿಗೆ ಬೇಕಾದುದೂ ಅದೇ. ಕಾಗದ ಬಂದಿತು, ಅಕ್ಷರ ಅವನದೇ, ತಾರೀಖು ಇಂಥದು. ಎಂದರೆ ಆ ದಿನದವರೆಗೆ ಅವನು ಕ್ಷೇಮ. ಎಷ್ಟೋ ಕಾಗದಗಳಲ್ಲಿ ಒಳಗಿನ ಸಂಗತಿಗಿಂತ ಕೈಬರಹವೇ ಹೆಚ್ಚಿನ ಸುದ್ದಿಯನ್ನು ಹೇಳುತ್ತದೆ.

ಸಂಕೇತದ ಭಾಷೆ

ಸುದ್ದಿ ಇಷ್ಟು ಚಿಕ್ಕದಾದರೆ ಅದನ್ನು ಸಂಕೇತಕ್ಕೆ ಇಳಿಸಬಹುದಲ್ಲವೆ? ಹಾಗೆಯೇ ಮಾಡಿದರು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಭೂಸೈನ್ಯವು ಒಂದು ಅಚ್ಚಾದ ಕಾರ್ಡನ್ನು ಸೈನಿಕರಿಗೆ ಕೊಟ್ಟಿತು. ಕ್ಷೇಮವಾಗಿದ್ದೇನೆ, ಆಸ್ಪತ್ರೆಗೆ ಸೇರಿದ್ದೇನೆ, ನಿಮ್ಮ ಕಾಗದ ತಲಪಿತು ಎಂಬಂಥ ವಾಕ್ಯಗಳು ಅದರಲ್ಲಿದ್ದವು. ಬೇಡವಾದುದನ್ನು ಹೊಡೆದುಹಾಕಿ, ಕೆಳಗೆ ರುಜು ಮತ್ತು ತಾರೀಖು ಹಾಕಿದರೆ ಮುಗಿಯಿತು. ಬೇರೊಂದು ಮಾತನ್ನು ಸೇರಿಸಿದರೆ ಕಾರ್ಡನ್ನು ಹರಿದುಹಾಕುವೆವೆಂಬ ಎಚ್ಚರಿಕೆಯೂ ಅಚ್ಚಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ತಂತಿಗೂ ಇದೇ ಉಪಾಯವನ್ನು ಅನ್ವಯಿಸಿದರು. ಸಿದ್ಧವಾಕ್ಯಗಳ ಒಂದು ಪಟ್ಟಿ. ಪ್ರತಿ ವಾಕ್ಯಕ್ಕೂ ಒಂದು ಸಂಖ್ಯೆ. ಕಳುಹಿಸುವವನು ಮೂರು ವಾಕ್ಯಗಳನ್ನು ಆರಿಸಿದರೆ ತಂತಿಯಲ್ಲಿ ಹೋಗುವುದು ಮೂರು ಸಂಖ್ಯೆಗಳು ಮಾತ್ರ. ತಲಪಿದ ಕಡೆಯಲ್ಲಿ ಸಂಖ್ಯೆಗಳನ್ನು ಮತ್ತೆ ವಾಕ್ಯಗಳಾಗಿ ಬಿಡಿಸುತ್ತಿದ್ದರು.

ಕನ್ನಡನಾಡಿನ ಹಳ್ಳಿಗಳಿಗೆ ಇಂಥ ಸಂಕೇತ ಹೊಸದಲ್ಲ. ಕಾಗದದ ಮೂಲೆಗೆ ಅರಿಸಿನ ಹಚ್ಚಿದ್ದರೆ ಶುಭ. ಮೂಲೆಗೆ ಕಪ್ಪು ಹಚ್ಚಿದ್ದರೆ ಸಾವಿನ ಸುದ್ದಿ. ಓದು ಬಾರದವರೂ ಕಾಗದ ಕೈಗೆ ಬಂದ ಕ್ಷಣದಲ್ಲಿಯೇ ವಿಷಯವನ್ನು ಅರಿಯುತ್ತಿದ್ದರು. ಉಳಿದ ವಿವರಕ್ಕೆ ಶಾಲೆಯ ಮೇಷ್ಟರನ್ನೋ ಪೋಸ್ಟ್‌ಮನ್ನನ್ನೋ ಹಿಡಿದು ಓದಿಸಿಕೊಳ್ಳಬೇಕಾಗಿತ್ತು. ಸೆನ್ಸಾರಿನ ಅಧಿಕಾರಿ ಒಂದು ಕಡೆ, ಓದಿ ಹೇಳುವವರು ಇನ್ನೊಂದು ಕಡೆ. ನಡುವೆ ಗಂಡಹೆಂಡಿರ ಗುಟ್ಟಿಗೆ ಎಡೆಯೆಲ್ಲಿ? ಯುದ್ಧಕಾಲದ ಕಾಗದಗಳು ಬಿಗಿದ ತುಟಿಯಿಂದ ಮಾತನಾಡಿದಂತೆ ತೋರುವುದಕ್ಕೆ ಇದೂ ಒಂದು ಕಾರಣ.

ಭಾರದ ಸಮಸ್ಯೆ, ಬೆಳಕಿನ ಪರಿಹಾರ

ವಿಳಾಸದ ಗಂಟು ಬಿಡಿಸಿದ ಮೇಲೆ ಭಾರದ ಗಂಟು ಉಳಿಯಿತು. 1940ರ ಜೂನ್ ತಿಂಗಳಲ್ಲಿ ಇಟಲಿ ಯುದ್ಧಕ್ಕೆ ಇಳಿದ ಮೇಲೆ ಭೂಮಧ್ಯ ಸಮುದ್ರದ ಹತ್ತಿರದ ದಾರಿ ಹಡಗುಗಳಿಗೆ ಅಪಾಯಕರವಾಯಿತು. ಬ್ರಿಟನ್ನಿನಿಂದ ಈಜಿಪ್ಟಿಗೂ ಇಂಡಿಯಾಕ್ಕೂ ಹೊರಟ ಹಡಗುಗಳು ಆಫ್ರಿಕಾ ಖಂಡವನ್ನು ಸುತ್ತಿ ಬರಬೇಕಾಯಿತು. ಕಾಗದ ತಲಪಲು ತಿಂಗಳುಗಳೇ ಹಿಡಿದವು. ವಿಮಾನವಾದರೋ ಬೇಗ ಹೋಗುತ್ತದೆ, ಆದರೆ ಅದರಲ್ಲಿ ಎಡೆಯಿಲ್ಲ. ಆಗ ಕೈಗೆ ಬಂದುದು ಸೂಕ್ಷ್ಮ ಛಾಯಾಚಿತ್ರ.

ಇದರ ಮೂಲ 1870-71ರ ಪ್ಯಾರಿಸ್ ಮುತ್ತಿಗೆಯಲ್ಲಿದೆ. ನಗರವನ್ನು ಶತ್ರುಸೈನ್ಯ ಸುತ್ತುವರಿದಿದ್ದಾಗ ರೆನೆ ಡಾಗ್ರೋನ್ ಎಂಬ ಛಾಯಾಚಿತ್ರಕಾರನು ಸಾವಿರಾರು ಸಂದೇಶಗಳನ್ನು ಎಳೆಯಾದ ಸಣ್ಣ ಹಾಳೆಗಳ ಮೇಲೆ ಕುಗ್ಗಿಸಿದನು. ಪಾರಿವಾಳಗಳು ಅವನ್ನು ನಗರದೊಳಕ್ಕೆ ಹೊತ್ತು ತಂದವು. 1941ರಲ್ಲಿ ಕೊಡಕ್ ಸಂಸ್ಥೆಯ ನೆರವಿನಿಂದ ಬ್ರಿಟನ್ನು ಇದೇ ತತ್ತ್ವದ ಮೇಲೆ ‘ಏರ್‌ಗ್ರಾಫ್’ ಅಂಚೆಯನ್ನು ಆರಂಭಿಸಿತು. ಒಂದು ಗೊತ್ತಾದ ಹಾಳೆಯ ಮೇಲೆ ಕಾಗದ ಬರೆಯಬೇಕು. ಅದನ್ನು ಸಿನಿಮಾ ಸುರುಳಿಯಂಥ ಕಿರಿದಾದ ಫಿಲ್ಮಿನ ಮೇಲೆ ಚಿತ್ರಿಸುತ್ತಾರೆ. ಫಿಲ್ಮು ವಿಮಾನದಲ್ಲಿ ಹೋಗುತ್ತದೆ. ತಲಪಿದ ಊರಿನಲ್ಲಿ ಹಿಗ್ಗಿಸಿ, ಅಂಗೈ ಅಗಲದ ಕಾಗದದ ಮೇಲೆ ಮುದ್ರಿಸಿ ಬಟವಾಡೆ ಮಾಡುತ್ತಾರೆ. ಕೈರೋ ನಗರದಿಂದ ಹೊರಟ ಮೊದಲನೆಯ ಕಂತಿನಲ್ಲಿಯೇ ಸುಮಾರು 70,000 ಕಾಗದಗಳಿದ್ದವು. 1942ರಲ್ಲಿ ಈ ಸೌಕರ್ಯ ಇಂಡಿಯಾಕ್ಕೂ ಬಂದಿತು. 1945ರಲ್ಲಿ ನಿಲ್ಲುವುದರೊಳಗಾಗಿ 30 ಕೋಟಿಗೂ ಹೆಚ್ಚು ಕಾಗದಗಳು ಹೀಗೆ ಸಾಗಿದವು.

ಒಂದು ಸಣ್ಣ ಲೆಕ್ಕ ಮಾಡಿನೋಡೋಣ. 1,600 ಸಾಮಾನ್ಯ ಕಾಗದಗಳ ತೂಕ ಸುಮಾರು 50 ಪೌಂಡು, ಎಂದರೆ 800 ಔನ್ಸು. ಅಷ್ಟನ್ನೂ ಫಿಲ್ಮಿಗೆ ಇಳಿಸಿದರೆ ಡಬ್ಬಿಯೂ ಸೇರಿ ಸುಮಾರು 5 ಔನ್ಸು. 800ನ್ನು 5ರಿಂದ ಭಾಗಿಸಿದರೆ 160. ಎಂದರೆ ಒಂದು ಕಾಗದದ ಭಾರದಲ್ಲಿ 160 ಕಾಗದಗಳು ಹೋದಂತಾಯಿತು. ಅಮೆರಿಕದವರು 1942ರಲ್ಲಿ ಆರಂಭಿಸಿದ ‘ವಿ-ಮೈಲ್’ ಸಹ ಇದೇ ಬಗೆಯದು. 37 ಚೀಲಗಳನ್ನು ತುಂಬುತ್ತಿದ್ದ ಒಂದೂವರೆ ಲಕ್ಷ ಕಾಗದಗಳು ಅದರಲ್ಲಿ ಒಂದೇ ಚೀಲಕ್ಕೆ ಇಳಿದವು.

ಇದರಲ್ಲಿ ಇನ್ನೊಂದು ಲಾಭವಿದ್ದಿತು. ಫಿಲ್ಮು ಗುರಿಯನ್ನು ಮುಟ್ಟಿತೆಂಬ ಸುದ್ದಿ ಬರುವವರೆಗೂ ಮೂಲ ಹಾಳೆಗಳನ್ನು ಇಟ್ಟುಕೊಂಡಿರುತ್ತಿದ್ದರು. ವಿಮಾನ ಬಿದ್ದುಹೋದರೆ ಅವನ್ನೇ ಮತ್ತೆ ಚಿತ್ರಿಸಿ ಕಳುಹಿಸಬಹುದಾಗಿತ್ತು. ಅಂಚೆಯ ಇತಿಹಾಸದಲ್ಲಿ ಇದೊಂದು ದೊಡ್ಡ ಹೆಜ್ಜೆ. ಅದುವರೆಗೆ ಕಾಗದವೆಂದರೆ ಒಂದೇ ಪ್ರತಿ. ಅದು ಹೋದರೆ ಹೋಯಿತು. ಈಗ ಕಾಗದದ ದೇಹವು ಇಲ್ಲಿಯೇ ಉಳಿದು ಅದರ ರೂಪವು ಮಾತ್ರ ಪಯಣಿಸಿತು. ಛಾಯಾಚಿತ್ರಕ್ಕೆ ಲಿಪಿಭೇದವೂ ಇಲ್ಲ. ಕನ್ನಡವಾಗಲಿ ಇಂಗ್ಲಿಷಾಗಲಿ ಮಸೂರಕ್ಕೆ ಎರಡೂ ಗೆರೆಗಳೇ.

ಗೇರುಸೊಪ್ಪ ಹಡಗಿನ ಚೀಲಗಳು

ಎಲ್ಲ ಕಾಗದಗಳಿಗೂ ಈ ಭಾಗ್ಯವಿರಲಿಲ್ಲ. ಹಡಗಿನಲ್ಲಿ ಹೊರಟ ಚೀಲಗಳು ಹಡಗಿನೊಡನೆಯೇ ಮುಳುಗುತ್ತಿದ್ದವು. ಇದಕ್ಕೆ ಉದಾಹರಣೆಯಾದ ಹಡಗಿನ ಹೆಸರು ಕನ್ನಡಿಗರಿಗೆ ಚಿರಪರಿಚಿತ. ಜೋಗದ ಜಲಪಾತವನ್ನು ಹಿಂದೆ ಗೇರುಸೊಪ್ಪ ಜಲಪಾತವೆಂದು ಕರೆಯುತ್ತಿದ್ದರಷ್ಟೆ. ಅದೇ ಹೆಸರನ್ನು ಬ್ರಿಟಿಷ್ ಇಂಡಿಯಾ ಹಡಗು ಸಂಸ್ಥೆ ತನ್ನ ಒಂದು ಸರಕಿನ ಹಡಗಿಗೆ ಇಟ್ಟಿತ್ತು. 1940ರ ಡಿಸೆಂಬರಿನಲ್ಲಿ ಎಸ್.ಎಸ್. ಗೇರುಸೊಪ್ಪ ಕಲ್ಕತ್ತೆಯಿಂದ ಬೆಳ್ಳಿ, ಕಬ್ಬಿಣ, ಚಹಾ ಮತ್ತು ಅಂಚೆಚೀಲಗಳನ್ನು ಹೊತ್ತು ಬ್ರಿಟನ್ನಿಗೆ ಹೊರಟಿತು. ಅಟ್ಲಾಂಟಿಕ್ ಸಾಗರದಲ್ಲಿ ಬಿರುಗಾಳಿಗೆ ಸಿಕ್ಕಿ, ಕಲ್ಲಿದ್ದಲು ಸಾಲದೆ, ಬೆಂಗಾವಲಿನ ಗುಂಪನ್ನು ಬಿಟ್ಟು ಒಂಟಿಯಾಗಿ ಐರ್ಲೆಂಡಿನ ಕಡೆಗೆ ತಿರುಗಿತು. 1941ರ ಫೆಬ್ರವರಿ 17ರಂದು ಜರ್ಮನ್ ಜಲಾಂತರ್ಗಾಮಿಯ ಟಾರ್ಪೆಡೋ ಏಟಿಗೆ ಅದು ಮುಳುಗಿತು. ಹಡಗಿನಲ್ಲಿದ್ದ 86 ಮಂದಿಯಲ್ಲಿ ಬದುಕಿ ದಡ ಸೇರಿದವನು ಒಬ್ಬನೇ ಒಬ್ಬ ಅಧಿಕಾರಿ. ಅವನೂ 13 ದಿನ ದೋಣಿಯಲ್ಲಿ ತೇಲಿದ ಮೇಲೆ. ಸತ್ತವರಲ್ಲಿ ಬಹುಮಂದಿ ಭಾರತೀಯ ಖಲಾಸಿಗಳು. ಆ ಯುದ್ಧದಲ್ಲಿ ಮಡಿದ ಭಾರತೀಯ ವಾಣಿಜ್ಯ ನಾವಿಕರ ಸಂಖ್ಯೆ 6,000ಕ್ಕೂ ಹೆಚ್ಚು.

2011ರಲ್ಲಿ ಈ ಹಡಗಿನ ಅವಶೇಷ ಸುಮಾರು 4,700 ಮೀಟರು ಆಳದಲ್ಲಿ ಪತ್ತೆಯಾಯಿತು. ಬೆಳ್ಳಿಯನ್ನು ಮೇಲಕ್ಕೆತ್ತುವ ಕಾರ್ಯಾಚರಣೆಯಲ್ಲಿ ಯಾರೂ ನಿರೀಕ್ಷಿಸದ ಒಂದು ನಿಧಿಯೂ ದೊರೆಯಿತು: 700ಕ್ಕೂ ಹೆಚ್ಚು ಕಾಗದಗಳು. ಇಂಡಿಯಾದಲ್ಲಿದ್ದ ಸೈನಿಕರೂ ಪಾದ್ರಿಗಳೂ ವರ್ತಕರೂ ಬ್ರಿಟನ್ನು, ಅಮೆರಿಕಗಳಲ್ಲಿದ್ದ ತಮ್ಮವರಿಗೆ ಬರೆದವು ಅವು. 70 ವರ್ಷ ಕಡಲ ತಳದಲ್ಲಿ ಇದ್ದರೂ ಹಲವನ್ನು ಓದಬಹುದಾಗಿತ್ತು. 2018ರಲ್ಲಿ ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯದಲ್ಲಿ ಅವನ್ನು ಪ್ರದರ್ಶಿಸಿದರು.

ನೀರಿನಲ್ಲಿ ಕಾಗದ ಉಳಿಯುವುದೆಂದರೆ ಸೋಜಿಗವಲ್ಲವೆ? ಕಾರಣವನ್ನು ವಿಚಾರಿಸೋಣ. ಕಾಗದವೆಂದರೆ ಸೆಲ್ಯುಲೋಸ್ ಎಂಬ ಸಸ್ಯವಸ್ತುವಿನ ನಾರುಗಳ ಹೆಣಿಗೆ. ಅದನ್ನು ಕೆಡಿಸುವ ಮುಖ್ಯ ಶತ್ರುಗಳು ಬೆಳಕು, ಶಾಖ, ಆಮ್ಲಜನಕ, ಆಮ್ಲ ಮತ್ತು ಜೀವಾಣುಗಳು. ಆ ಆಳದಲ್ಲಿ ಬೆಳಕು ಸ್ವಲ್ಪವೂ ಇಲ್ಲ. ನೀರಿನ ಉಷ್ಣತೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಮಾತ್ರ ಹೆಚ್ಚು. ಚೀಲಗಳು ಸರಕಿನ ನಡುವೆ ಒತ್ತೊತ್ತಾಗಿ ಬಿದ್ದಿದ್ದುದರಿಂದ ಒಳಗಿನ ಪದರಗಳಿಗೆ ಆಮ್ಲಜನಕವಾಗಲಿ ಹುಳುಗಳಾಗಲಿ ಸುಲಭವಾಗಿ ಮುಟ್ಟಲಿಲ್ಲ. ಉಷ್ಣತೆ 10 ಡಿಗ್ರಿ ಇಳಿದರೆ ರಾಸಾಯನಿಕ ಕ್ರಿಯೆಯ ವೇಗ ಸರಿಸುಮಾರು ಅರ್ಧವಾಗುವುದೆಂಬುದು ಒಂದು ಸ್ಥೂಲ ನಿಯಮ. ಗುಂಡ್ಲುಪೇಟೆಯ ಮನೆಯೊಂದರಲ್ಲಿ 28 ಡಿಗ್ರಿ, ಕಡಲ ತಳದಲ್ಲಿ 3 ಡಿಗ್ರಿ ಎಂದಿಟ್ಟುಕೊಂಡರೆ, ಉಷ್ಣತೆಯೊಂದರಿಂದಲೇ ಅಲ್ಲಿ ಕಾಗದ ಕೆಡುವ ವೇಗ ಐದಾರು ಪಟ್ಟು ಕಡಿಮೆಯಾಗುತ್ತದೆ.

ನಮ್ಮ ಪೆಟ್ಟಿಗೆಯ ಕಾಗದಗಳು

ಈ ಲೆಕ್ಕದಿಂದ ನಮಗೆ ಒಂದು ಪಾಠವಿದೆ. ಕಡಲ ತಳದ ಕಾಗದಕ್ಕಿಂತ ನಮ್ಮ ಮನೆಯ ಟ್ರಂಕಿನಲ್ಲಿರುವ ಕಾಗದ ಹೆಚ್ಚಿನ ಅಪಾಯದಲ್ಲಿದೆ. ಯುದ್ಧಕಾಲದ ಕಾಗದ ಸಾಮಾನ್ಯವಾಗಿ ಅಗ್ಗದ ಮರದ ತಿರುಳಿನದು. ಅದರಲ್ಲಿಯೇ ಆಮ್ಲದ ಅಂಶವಿರುತ್ತದೆ. ಬೇಸಗೆಯ ಸೆಕೆ, ಮಳೆಗಾಲದ ಥಂಡಿ, ಬೂಷ್ಟು, ಜಿರಲೆ, ಗೆದ್ದಲು ಇವೆಲ್ಲ ಜೊತೆಗೂಡುತ್ತವೆ. ಚಾಮರಾಜನಗರ, ಗುಂಡ್ಲುಪೇಟೆಗಳ ಸುತ್ತಿನ ಊರುಗಳಲ್ಲಿ ಸೈನ್ಯದಲ್ಲೋ ಹಡಗಿನಲ್ಲೋ ದುಡಿದವರ ಮನೆಗಳಲ್ಲಿ ಹಳೆಯ ಕಾರ್ಡು, ಲಕೋಟೆಗಳ ಕಟ್ಟು ಇದ್ದರೆ ಅದನ್ನು ಹಳೆಯ ಕಾಗದವೆಂದು ತೂಕಕ್ಕೆ ಹಾಕುವ ಮುನ್ನ ಒಂದು ಗಳಿಗೆ ಯೋಚಿಸಬೇಕು.

ಉಳಿಸುವ ಕ್ರಮ ಕಷ್ಟವಾದುದಲ್ಲ. ಕಾಗದಗಳನ್ನು ಮಡಿಕೆ ಬಿಡಿಸಿ, ಚಪ್ಪಟೆಯಾಗಿ, ಒಣಗಿದ ತಂಪಾದ ಎಡೆಯಲ್ಲಿ ಇಡಬೇಕು. ಬಿಸಿಲಿಗೆ ಹರವಬಾರದು, ಬಿಸಿಲು ಥಂಡಿಯನ್ನು ತೆಗೆದರೂ ಶಾಯಿಯನ್ನೂ ತೆಗೆಯುತ್ತದೆ. ಹರಿದ ಕಡೆ ಅಂಟುಪಟ್ಟಿ ಹಚ್ಚಬಾರದು; ಕಾಲಕ್ರಮದಲ್ಲಿ ಅದರ ಅಂಟು ಕಾಗದವನ್ನು ಕಂದಿಸುತ್ತದೆ. ಗುಂಡುಸೂಜಿ ಇದ್ದರೆ ತೆಗೆಯಬೇಕು, ತುಕ್ಕು ಕಾಗದವನ್ನು ತಿನ್ನುತ್ತದೆ. ಬೇವಿನ ಎಲೆ ಹಾಕುವ ವಾಡಿಕೆಯಿದ್ದರೆ ಅದನ್ನು ಬಟ್ಟೆಯಲ್ಲಿ ಕಟ್ಟಿ, ಕಾಗದಕ್ಕೆ ತಾಗದಂತೆ ಇಡಬೇಕು.

ಇದಕ್ಕಿಂತ ಮುಖ್ಯವಾದುದು ಏರ್‌ಗ್ರಾಫಿನ ಪಾಠ: ಎರಡನೆಯ ಪ್ರತಿ ಇರಬೇಕು. ಆ ದಿನಗಳಲ್ಲಿ ಅದಕ್ಕೆ ದೊಡ್ಡ ಯಂತ್ರಗಳು ಬೇಕಾಗಿದ್ದವು. ಈಗ ಕೈಯಲ್ಲಿರುವ ದೂರವಾಣಿಯ ಕ್ಯಾಮರಾ ಸಾಕು. ಕಾಗದದ ಎರಡು ಮಗ್ಗುಲನ್ನೂ ಲಕೋಟೆಯನ್ನೂ ಅದರ ಮೇಲಿನ ಮುದ್ರೆಯನ್ನೂ ಚಿತ್ರ ತೆಗೆದು ಎರಡು ಕಡೆ ಇಡಬಹುದು. ಲಕೋಟೆಯನ್ನು ಬಿಸಾಡಬಾರದು. ಒಳಗಿನ ಕಾಗದ ಸೆನ್ಸಾರಿಗೆ ಹೆದರಿ ಸುಮ್ಮನಿದ್ದರೂ ಹೊರಗಿನ ಮುದ್ರೆಯ ತಾರೀಖು ಮಾತನಾಡುತ್ತದೆ.

ಕೊನೆಯದಾಗಿ, ಪ್ರತಿ ಕಟ್ಟಿನೊಡನೆ ಒಂದು ಬೇರೆ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿಡಬೇಕು: ಇದನ್ನು ಬರೆದವರು ಯಾರು, ಯಾರಿಗೆ, ಯಾವ ವರ್ಷ, ಯಾವ ಹಡಗು, ಆಗ ಅವರು ಎಲ್ಲಿದ್ದರು. ಪೆನ್ಸಿಲಿನ ಸೀಸವೆಂದು ನಾವು ಕರೆಯುವುದು ಇಂಗಾಲದ ಒಂದು ರೂಪವಾದ ಗ್ರಾಫೈಟು. ಅದು ನೀರಿನಲ್ಲಿ ಕರಗುವುದಿಲ್ಲ, ಬೆಳಕಿಗೆ ಮಾಸುವುದಿಲ್ಲ. ಬರೆದವನು ಅಂದು ಊರಿನ ಹೆಸರನ್ನು ಬರೆಯುವಂತಿರಲಿಲ್ಲ. ಬಲ್ಲ ಹಿರಿಯರು ಮನೆಯಲ್ಲಿ ಇನ್ನೂ ಇರುವಾಗಲೇ ಕೇಳಿ ಆ ಹೆಸರನ್ನು ತುಂಬಿದರೆ, ಊರಿಲ್ಲದ ವಿಳಾಸಕ್ಕೆ ಒಂದು ಊರು ದೊರೆಯುತ್ತದೆ.